ಭಂಗಾರ, ಬಂಗಾರ

(ಮಹಿಳಾ ವೇದಿಕೆಯ ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನನಗೆ ರೊಟ್ಟಿ ಬಡಿಯುವುದು ಗೊತ್ತು, ಶೇಂಗಾ ಚಟ್ನಿ ಕುಟ್ಟುವುದು ಗೊತ್ತು. ಭಾಷಣ ಮಾಡಿ ಗೊತ್ತಿಲ್ಲ. ಕಾರ್ಯದರ್ಶಿಯವರು ಫೋನ್ ಮಾಡಿ, “ಅಕ್ಕಾ, ಈ ಸಲ ನಿಮ್ಮ ರೊಟ್ಟಿ ವ್ಯಾಪಾರದ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕು” ಅಂದರು. “ವ್ಯಾಪಾರದ ಬಗ್ಗೆ ಬ್ಯಾಡ್ರಿ, ನಮ್ಮ ಪಿಕಪ್ ಗಾಡಿ ಬಗ್ಗೆ ಮಾತಾಡ್ತೀನಿ” ಅಂದೆ. ಅವರು ನಕ್ಕರು. ನೀವೂ ನಗುತ್ತಿದ್ದೀರಿ. ನಗಿರಿ, ಮೊದಲು ನಗುವ ಮಾತೇ ಹೇಳುತ್ತೇನೆ.

ನಾನು ಮದುವೆಯಾಗಿ ಬೈಲಹೊಂಗಲದ ಕಡೆಯ ಹಳ್ಳಿಯಿಂದ ಪುಣೆಗೆ ಬಂದದ್ದು 1986ರಲ್ಲಿ. ಭೋಸರಿಯ ಒಂದು ಚಾಳಿನಲ್ಲಿ ಮನೆ. ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ಬಂದ ವಾರದಲ್ಲೇ ಒಂದು ಮಧ್ಯಾಹ್ನ ಹೊರಗೆ ಯಾರೋ “ಭಂಗಾರ್... ಭಂಗಾರ್‌ವಾಲೇ...” ಅಂತ ಕೂಗುತ್ತ ಹೋದರು. ನನಗೆ ಎದೆ ಝಲ್ಲೆಂದಿತು. ಪುಣೆಯಲ್ಲಿ ಬಂಗಾರವನ್ನು ಬೀದಿಯಲ್ಲಿ ಕೈಗಾಡಿ ಮೇಲೆ ಮಾರುತ್ತಾರಾ! ಓಡಿ ಹೋಗಿ ನೋಡಿದರೆ ತುಕ್ಕು ಹಿಡಿದ ತಗಡು, ಒಡೆದ ಬಕೆಟ್ಟು, ಹಳೆ ಸೈಕಲ್ಲಿನ ರಿಮ್ಮು. ನಮ್ಮ ಭಾಷೆಯ ಬಂಗಾರ ಇಲ್ಲಿ ಒಂದು ಹಕಾರ ಸೇರಿಸಿಕೊಂಡು ಗುಜರಿಯಾಗಿತ್ತು. ಇಲ್ಲಿ ಕುಳಿತ ಅರ್ಧ ಜನಕ್ಕೆ ಇದೇ ಅನುಭವ ಆಗಿರಬೇಕು.

ಬಂಗಾರ ಗಾಡಿಯಾಗಿದ್ದನ್ನೂ, ಆ ಗಾಡಿ ಭಂಗಾರವಾಗಿದ್ದನ್ನೂ ನಾನು ಕಣ್ಣಾರೆ ಕಂಡೆ. ಅದನ್ನೇ ಈಗ ಹೇಳುವುದು.

ನಮ್ಮ ಮನೆಯವರು ಭೋಸರಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ನಾನು ಮನೆಯಲ್ಲಿ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದೆ. ಮೊದಲು ಅಕ್ಕಪಕ್ಕದ ನಮ್ಮ ಕಡೆಯ ಹುಡುಗರಿಗೆ, ಆಮೇಲೆ ಖಾನಾವಳಿಗಳಿಗೆ, ಮದುವೆ ಮುಂಜಿಗಳಿಗೆ. ನಾಲ್ಕು ಹೆಣ್ಣುಮಕ್ಕಳು ಕೈಜೋಡಿಸಿದರು. ರೊಟ್ಟಿ ಹೆಚ್ಚಾದ ಹಾಗೆ ಅದನ್ನು ಮುಟ್ಟಿಸುವ ಆಟೋ ಬಾಡಿಗೆಯೂ ಹೆಚ್ಚಾಯಿತು. ಗಳಿಸಿದ್ದೆಲ್ಲ ದಾರಿಗೇ ಹೋಗುತ್ತಿತ್ತು. 2004ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ನೋಡಿದೆವು. 2001ರ ಮಾಡೆಲ್ಲು, ಡೀಸೆಲ್, ಎಂಎಚ್ 14 ನಂಬರಿನದು. ಮುಂಗಡಕ್ಕೆ ನನ್ನ ತವರಿನ ನಾಲ್ಕು ತೊಲೆಯ ಪಾಟಲಿ ಮಾರಿದೆ. ಉಳಿದದ್ದು ಬ್ಯಾಂಕಿನ ಸಾಲ. ಹೆಣ್ಣುಮಕ್ಕಳ ಉದ್ಯೋಗಕ್ಕೆ ಕೊಡುವ ಸಾಲವಾದ್ದರಿಂದ ಗಾಡಿ ನನ್ನ ಹೆಸರಿಗೇ ಆಯಿತು. ಇವರು, “ನಿನ್ನ ಬಂಗಾರ, ನಿನ್ನ ಹೆಸರು, ಚಲೋ ಆತು” ಅಂದರು. ಆರ್‌ಸಿ ಪುಸ್ತಕದಲ್ಲಿ ನನ್ನ ಹೆಸರು ಇದೆ ಅನ್ನುವುದು ಅವತ್ತು ನೆನಪಿತ್ತು. ಆಮೇಲೆ ಹತ್ತೊಂಬತ್ತು ವರ್ಷ ಮರೆತೇ ಹೋಗಿತ್ತು. ತೋರಿಸಿದ ಕಡೆ ಸಹಿ ಮಾಡುತ್ತಿದ್ದೆ, ಅಷ್ಟೇ.

ಹಳೆ ಗಾಡಿ ಅಂದರೆ ಮನೆಯಲ್ಲೊಬ್ಬ ವಯಸ್ಸಾದ ಮಾವ ಇದ್ದ ಹಾಗೆ. ದಿನಕ್ಕೊಂದು ತಕರಾರು. ಗ್ಯಾರೇಜಿಗೆ ಕೊಟ್ಟರೆ ತಿಂಗಳ ಲಾಭ ಅಲ್ಲೇ ಕರಗುತ್ತಿತ್ತು. ಇವರಿಗೆ ಕೈಕೆಲಸ ಗೊತ್ತಿತ್ತು. ಹಾಗಾಗಿ ಪ್ರತಿ ಭಾನುವಾರ ಮನೆ ಮುಂದಿನ ತಗಡಿನ ಶೆಡ್ಡಿನಲ್ಲಿ ರಿಪೇರಿ. ಕೆಳಗೆ ಗೋಣಿಚೀಲ ಹಾಸಿ ಇವರು ಗಾಡಿಯ ಅಡಿಗೆ ಹೋಗುವರು. ನಾನು ಹೊರಗೆ ಕೂತು ಟಾರ್ಚು ಹಿಡಿಯುವುದು, ಸೀಮೆಎಣ್ಣೆಯಲ್ಲಿ ಸಾಮಾನು ತೊಳೆಯುವುದು, ಕೇಳಿದ ಪಾನಾ ಕೊಡುವುದು. ಹತ್ತು-ಹನ್ನೊಂದು, ಹನ್ನೆರಡು-ಹದಿಮೂರು, ಹದಿನಾಲ್ಕು-ಹದಿನೈದು ಅಂತ ಪಾನಾದ ನಂಬರುಗಳು ಮಗ್ಗಿಯ ಹಾಗೆ ಬಾಯಿಗೆ ಬಂದವು. ಕೊನೆಕೊನೆಗೆ ಇವರು ಕೇಳುವ ಮೊದಲೇ ಕೈಯಲ್ಲಿ ಇಡುತ್ತಿದ್ದೆ.

ನಾನು ಕಲಿತದ್ದು ಬಹಳ. ಡೀಸೆಲ್ ಫಿಲ್ಟರ್ ಬದಲಿಸಿದಾಗ ಪೈಪಿನೊಳಗೆ ಗಾಳಿ ಸೇರಿದರೆ ಎಷ್ಟು ಸೆಲ್ಫ್ ಹೊಡೆದರೂ ಗಾಡಿ ಚಾಲೂ ಆಗುವುದಿಲ್ಲ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ ಹೋಗಬೇಕು. ಮೊದಲು ನೊರೆನೊರೆ ಬರುತ್ತದೆ. ನೊರೆ ನಿಂತು ಬರೀ ಡೀಸೆಲ್ ಬಂದಾಗ ಸ್ಕ್ರೂ ಬಿಗಿಯಬೇಕು. ಈ ಕೆಲಸ ನಾನೇ ಮಾಡುತ್ತಿದ್ದೆ. ಒಂದು ಸಲ ಕರಾಡದ ಹತ್ತಿರ ರೇಡಿಯೇಟರ್ ಸೋರತೊಡಗಿತು. ಢಾಬಾದಲ್ಲಿದ್ದ ಲಾರಿ ಡ್ರೈವರೊಬ್ಬ, “ಅರಿಶಿನ ಇದ್ದರೆ ಹಾಕಿ” ಅಂದ. ನನ್ನ ಬುತ್ತಿಚೀಲದಲ್ಲಿ ಅಡುಗೆ ಅರಿಶಿನ ಇತ್ತು. ಎಂಜಿನ್ ತಣ್ಣಗಾದ ಮೇಲೆ ನೀರಿನ ಜೊತೆ ಹಾಕಿದೆವು. ಸಣ್ಣ ಸೀಳಿನಲ್ಲಿ ಕೂತು ಸೋರುವುದು ನಿಂತಿತು, ಮನೆ ಮುಟ್ಟಿದೆವು. ಇದನ್ನು ನೀವು ಮಾಡಬೇಡಿ ತಾಯಂದಿರೇ, ಆಮೇಲೆ ರೇಡಿಯೇಟರ್ ಪೂರ್ತಿ ಬಿಚ್ಚಿ ತೊಳೆಸಬೇಕಾಯಿತು! ಕ್ಯಾಬಿನ್ನಿನ ನೆಲ ತುಕ್ಕು ಹಿಡಿದು ತೂತಾಗಿ ರಸ್ತೆ ಕಾಣುವಂತಾದಾಗ ನಮ್ಮದೇ ಎಣ್ಣೆ ಡಬ್ಬಿ ಕತ್ತರಿಸಿ ತಗಡು ಹೊಡೆದೆವು. ಡಬ್ಬಿಯ ಮೇಲಿನ ಸೂರ್ಯಕಾಂತಿ ಹೂವಿನ ಚಿತ್ರ ನನ್ನ ಕಾಲಬುಡದಲ್ಲಿ ಬಹಳ ವರ್ಷ ಇತ್ತು.

ಎಲ್ಲಕ್ಕಿಂತ ಮುಖ್ಯ ಕೆಲಸ ಬ್ರೇಕಿನದು. ಬ್ರೇಕಿನ ರಬ್ಬರ್ ಕಿಟ್ ಬದಲಿಸಿದ ಮೇಲೆ ಪೈಪಿನಲ್ಲಿ ಸೇರಿದ ಗಾಳಿ ತೆಗೆಯಬೇಕು. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಕ್ಯಾಬಿನ್ನಿನಲ್ಲಿ ಕೂತು ಪೆಡಲ್ ತುಳಿಯಬೇಕು, ಇನ್ನೊಬ್ಬರು ಚಕ್ರದ ಬಳಿ ಮಲಗಿ ನಿಪ್ಪಲ್ ಸಡಿಲಿಸಬೇಕು. ನಾಲ್ಕೈದು ಸಲ ತುಳಿದು, ಕೊನೆಗೆ ಒತ್ತಿ ಹಿಡಿಯಬೇಕು. ಆಗ ಕೆಳಗಿನವರು ನಿಪ್ಪಲ್ ತೆರೆದರೆ ಗಾಳಿ, ಎಣ್ಣೆ ಎರಡೂ ಪುಸ್ಸೆಂದು ಹೊರಬರುತ್ತವೆ, ಪೆಡಲ್ ತಳಕ್ಕೆ ಹೋಗುತ್ತದೆ. ಅವರು ನಿಪ್ಪಲ್ ಮುಚ್ಚುವವರೆಗೆ ಕಾಲು ತೆಗೆಯುವಂತಿಲ್ಲ. ತೆಗೆದರೆ ಗಾಳಿ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಇವರು ಕೆಳಗಿನಿಂದ ಕೂಗುವರು, “ಒತ್ತು... ಹಿಡಿ... ಬಿಡಬ್ಯಾಡ, ಬಿಡಬ್ಯಾಡ... ಹಾಂ, ಈಗ ಬಿಡು.” ಎಡಗಡೆ ಹಿಂದಿನ ಚಕ್ರದಿಂದ ಶುರುಮಾಡಿ ನಾಲ್ಕೂ ಚಕ್ರಕ್ಕೆ ಹೀಗೆಯೇ. ಪೆಡಲ್ ಕಾಲಿಗೆ ಕಲ್ಲಿನ ಹಾಗೆ ಗಟ್ಟಿ ತಾಗಿದರೆ ಕೆಲಸ ಮುಗಿದಂತೆ. ಮೆತ್ತಗಿದ್ದರೆ ಇನ್ನೂ ಗಾಳಿ ಇದೆ ಅಂತ ಅರ್ಥ. ಅದು ಕೆಳಗಿದ್ದವರಿಗೆ ಗೊತ್ತಾಗುವುದಿಲ್ಲ. ಪೆಡಲ್ ಮೇಲೆ ಕಾಲಿಟ್ಟವರಿಗೆ ಮಾತ್ರ ಗೊತ್ತು.

ಆ ಗಾಡಿಯನ್ನು ನೀವೆಲ್ಲ ಬಲ್ಲಿರಿ. ಸಂಘದ ಕುರ್ಚಿ, ಜಮಖಾನ, ಮೈಕ್ ಸೆಟ್ಟು ಹೊತ್ತದ್ದು ಅದೇ. ರಾಜ್ಯೋತ್ಸವದ ಮೆರವಣಿಗೆಯಲ್ಲಿ ತಾಯಿ ಭುವನೇಶ್ವರಿಯ ಪಟ ಇಟ್ಟು ಹೂವಿನಲ್ಲಿ ಸಿಂಗರಿಸಿದ್ದೂ ಅದನ್ನೇ. ಒಂದು ವರ್ಷ ಮೆರವಣಿಗೆಯ ನಡುವೆ ಗಾಡಿ ಬಂದ್ ಬಿದ್ದು, ರೇಷ್ಮೆ ಸೀರೆ ಉಟ್ಟ ನೀವೇ ಹಿಂದಿನಿಂದ ತಳ್ಳಿದಿರಿ. “ತಾಯಿಯ ರಥ ಎಳೆದ ಪುಣ್ಯ ಬಂತು” ಅಂತ ಒಬ್ಬರು ಅಂದದ್ದು ನನಗೆ ನೆನಪಿದೆ.

ಈಗ ಕಷ್ಟದ ಮಾತಿಗೆ ಬರುತ್ತೇನೆ.

ಇವರು 2018ರಲ್ಲಿ ನಿವೃತ್ತರಾದರು. ಎರಡು ಮೂರು ವರ್ಷದಲ್ಲಿ ಬಲಗೈ ಸಣ್ಣಗೆ ನಡುಗತೊಡಗಿತು. ಚಹದ ಬಶಿ ಕಪ್ಪಿಗೆ ಬಡಿದು ಕಿಟಿಕಿಟಿ ಸದ್ದಾಗುತ್ತಿತ್ತು. ನಾನು ಸುಮ್ಮನೆ ಸ್ಟೀಲ್ ಲೋಟದಲ್ಲಿ ಚಹ ಕೊಡಲು ಶುರುಮಾಡಿದೆ. ಇವರೂ ಏನೂ ಅನ್ನಲಿಲ್ಲ, ನಾನೂ ಏನೂ ಅನ್ನಲಿಲ್ಲ. ಫಿಟ್ಟರ್‌ಗೆ ಕೈ ಅಂದರೆ ಏನು ಅಂತ ನಿಮಗೆ ಗೊತ್ತು. ಆ ಮಾತು ಎತ್ತಲು ನನಗೆ ಧೈರ್ಯ ಬರಲಿಲ್ಲ.

2023ರ ಏಪ್ರಿಲ್. ಊರಿನಿಂದ ಹೊಸ ಬಿಳಿಜೋಳ ತರಬೇಕಿತ್ತು. ಹೊರಡುವ ಹಿಂದಿನ ದಿನ ಎಡಗಡೆ ಹಿಂದಿನ ಚಕ್ರದಲ್ಲಿ ಬ್ರೇಕ್ ಎಣ್ಣೆ ಜಿನುಗುತ್ತಿತ್ತು. ಇವರು ಕಿಟ್ ಬದಲಿಸಿದರು. ಪೈಪಿನ ನಟ್ಟು ಕೂಡಿಸಲು ಬಹಳ ಹೊತ್ತು ಹಿಡಿಯಿತು. ನಟ್ಟು ಎರಡು ಸಲ ಕೈಯಿಂದ ಬಿತ್ತು. ನಾನು ಕ್ಯಾಬಿನ್ನಿನಲ್ಲಿ ಕೂತು ತುಳಿದೆ. ಒತ್ತು, ಹಿಡಿ, ಬಿಡಬ್ಯಾಡ, ಬಿಡು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಕೆಳಗಿನಿಂದ ಕೇಳಿದರು, “ಗಟ್ಟಿ ಆತೇನು?”

ಆಗಿರಲಿಲ್ಲ. ಕಲ್ಲಿನ ಹಾಗೆ ತಾಗಬೇಕಾದದ್ದು ಹಸಿ ಹಿಟ್ಟಿನ ಹಾಗೆ ತಾಗುತ್ತಿತ್ತು. ಆದರೆ ಇವರು ಎರಡು ತಾಸಿನಿಂದ ನೆಲದ ಮೇಲೆ ಮಲಗಿದ್ದರು. ಆಗಿಲ್ಲ ಅಂದರೆ ಮತ್ತೆ ಆ ನಟ್ಟು ಬಿಚ್ಚಬೇಕು, ಮತ್ತೆ ಆ ಕೈ. “ಹೂಂ, ಆತ್ರಿ” ಅಂದೆ.

ಮರುದಿನ ಹೋದೆವು. ಗಾಡಿ ನಡೆಸಿದವನು ನಮ್ಮ ಅಕ್ಕನ ಮಗ. ಜೋಳ ಹೇರಿಕೊಂಡು ವಾಪಸು ಬರುವಾಗ, ರಜೆಗೆಂದು ಪುಣೆಗೆ ಹೊರಟ ಅವನ ಎಂಟು ವರ್ಷದ ಮಗಳು ನಮ್ಮಿಬ್ಬರ ನಡುವೆ ಕೂತಿದ್ದಳು. ನಿಪ್ಪಾಣಿಯಲ್ಲಿ ಚಹಕ್ಕೆ ನಿಂತಾಗ ಅವನು, “ಚಿಗವ್ವಾ, ಬ್ರೇಕ್ ಸ್ವಲ್ಪ ಕೆಳಗ ಹೋಗಾಕತ್ತೈತಿ” ಅಂದ. “ಮನಿಗೆ ಹೋಗಿ ನೋಡಿದರಾತು” ಅಂದೆ. ಇದು ಎರಡನೆಯ ಸಲ ನಾನು ಬಾಯಿ ಮುಚ್ಚಿಕೊಂಡದ್ದು.

ಸಾತಾರಾ ದಾಟಿದ ಮೇಲೆ ಪುಣೆ ಕಡೆ ಬರುವಾಗ ಖಂಬಾಟ್ಕಿ ಸುರಂಗ ಬರುತ್ತಿತ್ತು. ಸುರಂಗ ಮುಗಿದ ಕೂಡಲೇ ಇಳಿಜಾರು, ಅದರಲ್ಲೇ ಹಾವಿನ ಹಾಗೆ ಒಂದು ತಿರುವು. ಅಪಘಾತಗಳಿಗೆ ಹೆಸರಾದ ಜಾಗ. ಆ ರಸ್ತೆಯಲ್ಲಿ ಓಡಾಡುವ ನಿಮಗೆಲ್ಲ ಗೊತ್ತು. ಅಲ್ಲಿ ಅವನು ಬ್ರೇಕ್ ತುಳಿದ. ಪೆಡಲ್ ತಳಕ್ಕೆ ಹೋಯಿತು. ಹಿಂದೆ ಹನ್ನೆರಡು ಚೀಲ ಜೋಳ. ಹುಡುಗ ಗಾಬರಿಯಾಗಲಿಲ್ಲ, ಅವನ ಹೆತ್ತವರ ಪುಣ್ಯ. ಪೆಡಲ್ ತುಳಿದು ತುಳಿದು ಒಂದಿಷ್ಟು ಹಿಡಿತ ತಂದುಕೊಂಡ, ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿದ. ಎಂಜಿನ್ ಚೀರಿತು. ಹ್ಯಾಂಡ್ ಬ್ರೇಕ್ ಎಳೆಯುತ್ತ ಎಳೆಯುತ್ತ ಎಡಕ್ಕೆ ಹಿಡಿದ. ನಾನು ಆ ಮಗುವನ್ನು ಎದೆಗೆ ಅವುಚಿಕೊಂಡು ನೆಲಕ್ಕೆ ಬಗ್ಗಿದ್ದೆ. ಕಣ್ಣೆದುರಿಗೆ ಎಣ್ಣೆ ಡಬ್ಬಿಯ ಸೂರ್ಯಕಾಂತಿ ಹೂವು. ಇಳಿಜಾರು ಮುಗಿದು ಸಪಾಟು ಬಂದಾಗ ಗಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆಗಬಹುದಿತ್ತು.

ಶಿರವಳದಿಂದ ಬಂದ ಮೆಕ್ಯಾನಿಕ್ ಚಕ್ರ ಬಿಚ್ಚಿ ನೋಡಿದ. ಪೈಪಿನ ನಟ್ಟು ಓರೆಯಾಗಿ ಕೂತು ಆಟಿ ಕೆಟ್ಟಿತ್ತು. ಎಣ್ಣೆ ಸ್ವಲ್ಪ ಸ್ವಲ್ಪವೇ ಸೋರಿ ಡಬ್ಬಿ ಬರಿದಾಗಿತ್ತು.

ಆ ರಾತ್ರಿ ಇವರಿಗೆ ಎಲ್ಲ ಹೇಳಿದೆ. ನಟ್ಟಿನದು ಹೇಳಿದೆ. ಪೆಡಲ್ ಮೆತ್ತಗಿತ್ತು, ನಾನು ಸುಳ್ಳು ಹೇಳಿದೆ ಅನ್ನುವುದನ್ನೂ ಹೇಳಿದೆ. ನಟ್ಟಿನ ಮಾತಿಗೆ ಸುಮ್ಮನಿದ್ದವರು ಎರಡನೆಯ ಮಾತಿಗೆ ಎದ್ದು ಕೂತರು. ಅಷ್ಟು ವರ್ಷದ ಸಂಸಾರದಲ್ಲಿ ಇವರ ಅಂಥ ಸಿಟ್ಟು ನಾನು ನೋಡಿರಲಿಲ್ಲ.

“ಕೆಳಗ ಮಲಗಿದಾಂವ ನಾ. ನನಗೇನ್ ಕಾಣಸ್ತೈತಿ? ಒಳಗ ಕೂತಾಕಿ ನೀ. ಇಷ್ಟು ವರ್ಷ ನಿನ್ನ ಮಾತು ನಂಬಿ ನಟ್ ಬಿಗದೀನಿ. ಕೈ ಕೆಟ್ಟರ ಇನ್ನೊಬ್ಬರ ಕೈಲೆ ಮಾಡಸ್ತಿದ್ದೆ. ನಿನ್ನ ಮಾತೇ ಸುಳ್ಳಾದರ ನಾ ಏನ್ ಮಾಡ್ಲಿ?”

ನನ್ನಲ್ಲಿ ಉತ್ತರ ಇರಲಿಲ್ಲ. ಇವರ ಮನಸ್ಸು ನೋಯಬಾರದು ಅಂತ ಮಾಡಿದ್ದೆ. ಹಾಗೆ ಮಾಡಿ ಇವರ ಕೆಲಸವನ್ನೇ ಕೆಡಿಸಿದ್ದೆ. ಕೈ ನಡುಗಿದ್ದಕ್ಕೆ ಬ್ರೇಕ್ ಹೋಗಲಿಲ್ಲ, ಅಕ್ಕ-ತಂಗಿಯರೇ. ನಾನು ಹೇಳದೆ ಇದ್ದದ್ದಕ್ಕೆ ಹೋಯಿತು.

ಗಾಡಿ ಕೊಟ್ಟುಬಿಡೋಣ ಅಂತ ಬೆಳಿಗ್ಗೆ ನಾನೇ ಅಂದೆ. ಇವರು ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಶೆಡ್ಡಿಗೆ ಹೋಗಿ ಪಾನಾಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ನನ್ನ ಹಳೆ ಸೀರೆಯ ತುಂಡಿನಲ್ಲಿ ನಂಬರು ಪ್ರಕಾರ ಸುತ್ತಿಟ್ಟರು.

ಕೊಳ್ಳಲು ಇಬ್ಬರು ಬಂದರು. ಒಬ್ಬ ಕಲ್ಲಿನ ಕ್ವಾರಿಯಲ್ಲಿ ಓಡಿಸುತ್ತೇನೆ ಅಂದ. ಇನ್ನೊಬ್ಬ ಬೀದಿಯ ಭಂಗಾರ್‌ವಾಲಾ. ಹೆಚ್ಚು ದುಡ್ಡು ಕೊಡುತ್ತೇನೆ, ಕಾಗದಪತ್ರ ಏನೂ ಬೇಡ ತಾಯಿ ಅಂದ. ಅವತ್ತು ಮೊದಲ ಸಲ ಆರ್‌ಸಿ ಪುಸ್ತಕ ತೆಗೆದು ಪೂರ್ತಿ ಓದಿದೆ. ಮಾಲೀಕಳು ನಾನು. ಘಾಟಿನಲ್ಲಿ ಏನಾದರೂ ಆಗಿದ್ದರೆ ಕೋರ್ಟಿನ ಕಾಗದ ಬರುತ್ತಿದ್ದದ್ದು ನನ್ನ ಹೆಸರಿಗೆ. ಕಾಗದವಿಲ್ಲದೆ ಕೊಟ್ಟು, ಅವನು ಅದನ್ನು ಒಡೆಯದೆ ಯಾರಿಗೋ ಮಾರಿ, ಅದು ಎಲ್ಲೋ ಯಾರಿಗೋ ಗುದ್ದಿದರೂ ನನ್ನ ಹೆಸರೇ. ಗಾಡಿ ಮಾರಿದ ಮೇಲೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ ನೋಂದಾಯಿತ ಮಾಲೀಕರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಇದನ್ನು ನನ್ನ ಮಗ ಓದಿ ಹೇಳಿದ. ಕಾನೂನು ಬಿಡಿ, ಆ ಗಾಡಿಯಲ್ಲಿ ಇನ್ನೊಬ್ಬರ ಮಗು ಕೂರುವುದು ನನಗೆ ಬೇಕಿರಲಿಲ್ಲ. ಇಬ್ಬರಿಗೂ ಇಲ್ಲ ಅಂದೆ.

ಸರಕಾರದ ನೋಂದಣಿ ಇರುವ ಸ್ಕ್ರ್ಯಾಪ್ ಕೇಂದ್ರಗಳಿಗೆ 2021ರಲ್ಲಿ ನಿಯಮ ಬಂದಿದೆ. ಅಂಥ ಕಡೆಗೇ ಕೊಡುವುದೆಂದು ಗೊತ್ತುಮಾಡಿದೆವು. ಅಲ್ಲೊಂದು ತೊಡಕು. ಸಾಲ ತೀರಿ ಎಷ್ಟೋ ವರ್ಷ ಆಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿತ್ತು. ಬ್ಯಾಂಕಿಗೆ ಮೂರು ಸಲ ಅಲೆದು ನಿರಾಕ್ಷೇಪಣಾ ಪತ್ರ ತಂದು, ಫಾರ್ಮ್ 35 ತುಂಬಿ, ಆರ್‌ಟಿಓದಲ್ಲಿ ಅದನ್ನು ತೆಗೆಸಿದೆ. ಒಂದು ಹಳೆಯ ದಂಡವೂ ಇತ್ತು, ಕಟ್ಟಿದೆ. ಈ ಸಹಿಗಳನ್ನು ಮಾತ್ರ ಓದಿಯೇ ಮಾಡಿದೆ.

ಕೊಡುವ ದಿನ ಇವರು ಬೆಳಿಗ್ಗೆ ಐದಕ್ಕೆ ಎದ್ದು ಗಾಡಿ ತೊಳೆದರು. ನಾನು ಆಯುಧ ಪೂಜೆಗೆ ಮಾಡುವ ಹಾಗೆ ಕುಂಕುಮ ಹಚ್ಚಿ, ಹೂವು ಇಟ್ಟು, ಕಾಯಿ ಒಡೆದೆ. ಅಕ್ಕನ ಮಗ ಮೆಲ್ಲಗೆ ನಡೆಸಿಕೊಂಡು ಹೋದ, ನಾವಿಬ್ಬರೂ ಪಕ್ಕದಲ್ಲಿ. ಅಲ್ಲಿ ತೂಕದ ಕಾಟಾ ಮೇಲೆ ನಿಲ್ಲಿಸಿದರು. ಗುಮಾಸ್ತ ಮರಾಠಿಯಲ್ಲಿ “ಮಾಲಕ್ ಕೋಣ್?” ಅಂತ ಕೇಳಿದ. ಇವರು ನನ್ನ ಕಡೆ ಕೈ ತೋರಿಸಿ, ನನಗೆ ಮಾತ್ರ ಕೇಳುವ ಹಾಗೆ ಕನ್ನಡದಲ್ಲಿ, “ಕೋಣ ನಾನು, ಮಾಲಕಿ ಈಕಿ” ಅಂದರು. ಘಾಟಿನ ಆ ದಿನದ ನಂತರ ಇವರ ಬಾಯಲ್ಲಿ ಕೇಳಿದ ಮೊದಲ ತಮಾಷೆ ಅದು. ನನಗೆ ನಗುವೂ ಬಂತು, ಅಳುವೂ ಬಂತು.

ಚಾಸಿ ನಂಬರ್ ಇರುವ ತುಂಡನ್ನು ನಮ್ಮೆದುರಿಗೇ ಕತ್ತರಿಸಿ ತೆಗೆದರು. ಇನ್ನು ಆ ನಂಬರಿನ ಗಾಡಿ ಎಲ್ಲೂ ಓಡುವಂತಿಲ್ಲ. ಮೂವತ್ತಾರು ಸಾವಿರ ರೂಪಾಯಿ ನನ್ನ ಖಾತೆಗೆ ಬಂತು. ಗಾಡಿ ಒಪ್ಪಿಸಿದ ಪ್ರಮಾಣಪತ್ರ ನನ್ನ ಹೆಸರಿಗೆ ಬಂತು. ಹೊಸ ಗಾಡಿ ಕೊಳ್ಳುವಾಗ ಅದನ್ನು ತೋರಿಸಿದರೆ ರಸ್ತೆ ತೆರಿಗೆಯಲ್ಲಿ ರಿಯಾಯಿತಿ ಉಂಟು. ಕೇಂದ್ರದ ಆಗಿನ ನಿಯಮದಂತೆ ಸ್ವಂತ ಬಳಕೆಯದಕ್ಕೆ ಶೇ. 25ರವರೆಗೆ, ಬಾಡಿಗೆ ಗಾಡಿಗೆ ಶೇ. 15ರವರೆಗೆ. “ಆ ರೊಕ್ಕದಾಗ ಬಳಿ ಮಾಡಿಸ್ಕೊ” ಅಂದರು ಇವರು. ಆಗಿನ ದರಕ್ಕೆ ಹೆಚ್ಚೆಂದರೆ ಆರು ಗ್ರಾಂ ಬರುತ್ತಿತ್ತು. ನಾಲ್ಕು ತೊಲೆ ಹಾಕಿದ್ದಕ್ಕೆ ಆರು ಗ್ರಾಂ ಅಂತ ನಾನು ಲೆಕ್ಕ ಹಾಕಲಿಲ್ಲ. ಆ ಗಾಡಿಯ ಮೇಲೆ ಇಬ್ಬರು ಮಕ್ಕಳು ಓದಿದ್ದಾರೆ, ನಾಲ್ಕು ಹೆಣ್ಣುಮಕ್ಕಳ ಮನೆ ನಡೆದಿದೆ.

ಆ ದುಡ್ಡನ್ನು ಬಳೆಗೆ ಹಾಕಲಿಲ್ಲ. ಮರುವಾರ ಇವರನ್ನು ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. “ಕೈ ನಡಗತೈತ್ರಿ, ಎರಡು ವರ್ಷದಿಂದ ನೋಡಾಕತ್ತೀನಿ, ಹೋಗೂಣು” ಅಂತ ಬಾಯಿಬಿಟ್ಟು ಹೇಳಿದೆ. ಅಷ್ಟು ಹೇಳುವುದು ಘಾಟಿನ ಆ ತಿರುವಿಗಿಂತ ಕಷ್ಟವಾಯಿತು. ಪಾರ್ಕಿನ್ಸನ್ ಅಂದರು. ಗುಣವಾಗುವ ರೋಗವಲ್ಲ, ಆದರೆ ಔಷಧದಿಂದ ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ಈಗ ಚಹ ಮತ್ತೆ ಬಶಿಯಲ್ಲೇ ಕುಡಿಯುತ್ತಾರೆ. ಸದ್ದಾದರೆ ಆಗಲಿ ಅಂತ ಇಬ್ಬರೂ ಬಿಟ್ಟಿದ್ದೇವೆ.

ನಿಮಗೆ ನಾನು ಹೇಳುವುದು ಎರಡೇ ಮಾತು. ಮನೆಗೆ ಹೋಗಿ ನಿಮ್ಮ ಹೆಸರಿನಲ್ಲಿ ಏನೇನಿದೆ ನೋಡಿ. ಗಾಡಿ, ಮನೆ, ಸಾಲ, ಜಾಮೀನು, ಏನೇ ಇರಲಿ, ತೆಗೆದು ಓದಿ. ತೀರಿದ ಸಾಲದ ಹೆಸರು ದಾಖಲೆಯಲ್ಲಿ ಇನ್ನೂ ಕೂತಿದ್ದರೆ ತೆಗೆಸಿ. ಇದು ಒಂದು. ಎರಡನೆಯದು, ಪೆಡಲ್ ಮೇಲೆ ಕಾಲಿಟ್ಟವರು ನೀವಾದರೆ, ಮೆತ್ತಗಿದ್ದಾಗ ಮೆತ್ತಗಿದೆ ಅನ್ನಿ.

ಈಗ ರೊಟ್ಟಿ ಬಾಡಿಗೆ ಟೆಂಪೋದಲ್ಲಿ ಹೋಗುತ್ತದೆ. ಇವರು ದಿನಾ ಬೆಳಿಗ್ಗೆ ಕೂತು ಹತ್ತು ಹತ್ತು ರೊಟ್ಟಿ ಎಣಿಸಿ ಪಾಕೀಟು ಕಟ್ಟುತ್ತಾರೆ. ಒಮ್ಮೊಮ್ಮೆ ಲೆಕ್ಕ ತಪ್ಪುತ್ತದೆ. “ಬರೊಬ್ಬರಿ ಐತೇನು ನೋಡು” ಅನ್ನುತ್ತಾರೆ. ನಾನು ಎಣಿಸುತ್ತೇನೆ. “ಒಂಬತ್ತ ಅದಾವ್ರಿ” ಅನ್ನುತ್ತೇನೆ. ಇವರು ಇನ್ನೊಂದು ಇಡುತ್ತಾರೆ.

ಹೊರಗೆ ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ ಇಟ್ಟಿದ್ದೇನೆ, ತಿಂದೇ ಹೋಗಬೇಕು.